ಲಿಫ್ಟ್ ಕಿಟ್ ಹಾಕಿದ್ಮೇಲೆ ಅಲೈನ್‌ಮೆಂಟ್: ಟೋ ಒಂದೇ ನೋಡಿದ್ರೆ ಸಾಲದು

ಹಿಲಕ್ಸ್, ವಿ-ಕ್ರಾಸ್ ಥರದ ಪಿಕಪ್‌ಗಳಿಗೆ 2 ಇಂಚು ಲಿಫ್ಟ್ ಹಾಕಿಸಿ ದಪ್ಪ ಟೈರ್ ಕೂರಿಸೋ ರೀಲ್ಸ್ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಫೋನಲ್ಲೂ ಓಡ್ತಿರತ್ತೆ. ನೋಡೋಕೆ ಚೆನ್ನಾಗಿರತ್ತೆ, ಒಪ್ತೀನಿ. ಆದರೆ ರೀಲ್ ಮುಗಿದ ಮೇಲೆ ಅದೇ ಗಾಡಿ ಶಿರಾಡಿ ಘಾಟಿ ಇಳಿಯಬೇಕು, ಎದುರಿಗೆ ಬಸ್ ಬಂದಾಗ ತನ್ನ ಪಾಡಿಗೆ ತನ್ನ ಲೇನ್‌ನಲ್ಲೇ ಇರಬೇಕು. ಅದಕ್ಕೆ ಮುಂದಿನ ಚಕ್ರಗಳ ಮೂರು ಕೋನಗಳು ಸರಿಯಿರಬೇಕು: ಟೋ, ಕ್ಯಾಂಬರ್, ಕ್ಯಾಸ್ಟರ್. ಲಿಫ್ಟ್ ಹಾಕಿದಾಗ ಮೂರೂ ಬದಲಾಗ್ತವೆ. ಎಷ್ಟೋ ಕಡೆ ಸರಿ ಮಾಡಿ ಕಳಿಸೋದು ಮಾತ್ರ ಮೊದಲನೆಯದನ್ನು.

ಈ ಪಿಕಪ್‌ಗಳ ಮುಂದಿನ ಸಸ್ಪೆನ್ಷನ್ ಡಬಲ್ ವಿಶ್‌ಬೋನ್. ಮೇಲೊಂದು ತೋಳು, ಕೆಳಗೊಂದು ತೋಳು, ಎರಡರ ತುದಿಯಲ್ಲೂ ಬಾಲ್ ಜಾಯಿಂಟ್, ನಡುವೆ ಚಕ್ರ ಹಿಡಿದಿರೋ ನಕಲ್. ಮುಂದಿನಿಂದ ನೋಡಿದರೆ ನಾವು ಓದೋ ಫೋರ್ ಬಾರ್ ಮೆಕ್ಯಾನಿಸಮ್ಮೇ. ಗಾಡಿಯನ್ನು ಮೇಲೆತ್ತೋದು ಅಂದ್ರೆ ಚಾಸಿಯ ಲೆಕ್ಕದಲ್ಲಿ ಚಕ್ರವನ್ನು ಕೆಳಗೆ ತಳ್ಳೋದು. ಮೇಲಿನ ತೋಳು ಗಿಡ್ಡ, ಕೆಳಗಿನದು ಉದ್ದ, ಹಾಗಾಗಿ ಇಳಿಯುವಾಗ ಎರಡರ ತುದಿಗಳು ಒಂದೇ ಸಮ ಸರಿಯಲ್ಲ. ಚಕ್ರ ವಾಲುತ್ತೆ, ಅಂದ್ರೆ ಕ್ಯಾಂಬರ್ ಕೆಡತ್ತೆ. ಟೈ ರಾಡ್ ಕೂಡ ಓರೆಯಾಗಿ ಚಕ್ರವನ್ನು ಎಳೆಯುತ್ತೆ, ಟೋ ಹೋಯ್ತು. ಇನ್ನು ಮೇಲಿನ ತೋಳು ತಿರುಗೋ ಅಕ್ಷ ನೆಲಕ್ಕೆ ಸಮಾನಾಂತರವಾಗಿರಲ್ಲ, ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರತ್ತೆ. ಬ್ರೇಕ್ ಹಾಕಿದಾಗ ಮೂತಿ ತೀರಾ ಕುಸಿಯದಿರಲಿ ಅಂತ ಹಾಗೆ ಮಾಡಿರ್ತಾರೆ. ಅದರಿಂದ ತೋಳು ಕೆಳಗಿಳಿದಷ್ಟೂ ಅದರ ತುದಿ ಮುಂದಕ್ಕೆ ಸರಿಯುತ್ತೆ, ಕ್ಯಾಸ್ಟರ್ ಕಮ್ಮಿಯಾಗತ್ತೆ.

ಅಂದಹಾಗೆ, 1 ಇಂಚಿನ ಸ್ಪೇಸರ್ ಹಾಕಿದ್ರೆ ಗಾಡಿ 1 ಇಂಚು ಏರುತ್ತೆ ಅಂದ್ಕೋಬೇಡಿ. ಶಾಕ್ ಅಬ್ಸಾರ್ಬರ್ ಕೂರೋದು ಕೆಳಗಿನ ತೋಳಿನ ನಡುವೆ ಎಲ್ಲೋ, ಹಾಗಾಗಿ ಚಕ್ರದ ಹತ್ತಿರ ಅದು ಸುಮಾರು 2 ಇಂಚಾಗತ್ತೆ. ಲಿವರ್ ಲೆಕ್ಕ ಅಷ್ಟೇ.

ಟೋ ತಪ್ಪಿದ್ರೆ ಟೈರ್ ತಿನ್ನುತ್ತೆ. ಎಷ್ಟು ಅಂತ ಕ್ಯಾಲ್ಕುಲೇಟರ್‌ನಲ್ಲೇ ನೋಡಬಹುದು. ಚಕ್ರ ಹೋಗೋ ದಿಕ್ಕಿಗಿಂತ 1 ಡಿಗ್ರಿ ತಿರುಗಿದ್ರೆ, 1000 ಮೀಟರ್‌ಗೆ ಸೈನ್ 1 ಗುಣಿಸಿ: ಪ್ರತಿ ಕಿಲೋಮೀಟರಿಗೆ 17 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗತ್ತೆ. ಇದನ್ನ ಮನೆಯಲ್ಲೇ ಟೇಪ್ ಹಿಡಿದು ಅಂದಾಜು ಮಾಡಬಹುದು. ಸಮತಟ್ಟಾದ ಜಾಗ, ಸ್ಟೀರಿಂಗ್ ನೇರ. ಎರಡೂ ಮುಂದಿನ ಟೈರ್‌ಗಳ ಮುಂಬದಿಯಲ್ಲಿ, ಒಂದೇ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಅವೇ ಗುರುತುಗಳು ಹಿಂಬದಿಯಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಅವೇ ಗುರುತು ಯಾಕಂದ್ರೆ ರಿಮ್ ಸ್ವಲ್ಪ ಸೊಟ್ಟಗಿದ್ರೂ ಅಳತೆ ಕೆಡಲ್ಲ. 775 ಮಿ.ಮೀ. ವ್ಯಾಸದ ಟೈರ್‌ನಲ್ಲಿ ಆಕ್ಸಲ್ ಎತ್ತರದಲ್ಲಿ ಅಳೆದಾಗ 2.7 ಮಿ.ಮೀ. ವ್ಯತ್ಯಾಸ ಅಂದ್ರೆ ಒಂದೊಂದು ಚಕ್ರಕ್ಕೆ 0.1 ಡಿಗ್ರಿ. ಇದು ಅಂದಾಜಿಗೆ ಮಾತ್ರ, ಅಂಗಡಿಗೆ ಹೋಗಲೇಬೇಕು.

ನನ್ನ ಪ್ರಕಾರ ನಿಜವಾದ ಅಪಾಯ ಇರೋದು ಕ್ಯಾಸ್ಟರ್‌ನಲ್ಲಿ, ಯಾಕಂದ್ರೆ ಅದು ಕಣ್ಣಿಗೂ ಕಾಣಲ್ಲ, ಟೈರನ್ನೂ ಅಷ್ಟಾಗಿ ತಿನ್ನಲ್ಲ. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿರತ್ತಲ್ವಾ, ಆ ಓರೆಯೇ ಕ್ಯಾಸ್ಟರ್. ಕಾರಿನಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗೇ ನೇರಕ್ಕೆ ಮರಳೋದಕ್ಕೆ ಮುಖ್ಯ ಕಾರಣ ಇದೇ. ಕಮ್ಮಿಯಾದ್ರೆ ಗಾಡಿ 80ರ ವೇಗದಲ್ಲಿ ಅತ್ತಿತ್ತ ಅಲೆಯುತ್ತೆ, ಕೈಯಲ್ಲಿ ಸ್ಟೀರಿಂಗ್ ಸತ್ತಂತಿರತ್ತೆ. ಎರಡು ಬದಿಯಲ್ಲಿ ಬೇರೆ ಬೇರೆ ಇದ್ರೆ, ಕಮ್ಮಿ ಇರೋ ಬದಿಗೆ ಎಳೆಯುತ್ತೆ.

ಅಂಗಡಿಯಲ್ಲಿ ಇದನ್ನ ಅಳೆದ್ರಾ ಇಲ್ವಾ ಅಂತ ತಿಳಿಯೋದು ಸುಲಭ. ಕ್ಯಾಸ್ಟರ್ ಅಳೆಯೋಕೆ ಚಕ್ರಗಳನ್ನು ತಿರುಗೋ ತಟ್ಟೆಗಳ ಮೇಲೆ ನಿಲ್ಲಿಸಿ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಸೆನ್ಸರ್ ಸಿಕ್ಕಿಸಿ, ಸ್ಟೀರಿಂಗ್ ಮುಟ್ಟದೆ, ಟೈ ರಾಡ್ ಮಾತ್ರ ತಿರುಗಿಸಿ ಬಿಲ್ ಕೊಟ್ರೆ ಆಗಿದ್ದು ಬರೀ ಟೋ. ಪ್ರಿಂಟ್‌ಔಟ್ ಕೇಳಿ. ಮೂರು ಕೋನಗಳೂ ಎರಡೂ ಬದಿಗೆ ಇರಬೇಕು. ಎಡ ಬಲ ಕ್ಯಾಸ್ಟರ್ ಅರ್ಧ ಡಿಗ್ರಿಗಿಂತ ಜಾಸ್ತಿ ಬೇರೆ ಇದ್ರೆ ಯಾಕೆ ಅಂತ ಕೇಳಿ. ಎಲ್ಲಾ ಹಸಿರು ಅಂತ ಅವರು ಹೇಳಿದ್ರೂ ಕೇಳಿ.

ಅದಕ್ಕೂ ಮೊದಲು ಇನ್ನೊಂದು. ತೋಳುಗಳ ಬೋಲ್ಟ್ ಬಿಗಿ ಮಾಡಬೇಕಾದದ್ದು ಚಕ್ರ ನೆಲದ ಮೇಲೆ ಭಾರ ಹೊತ್ತಿರುವಾಗ. ಜಾಕ್ ಮೇಲೆ ಚಕ್ರ ನೇತಾಡ್ತಿರುವಾಗಲೇ ಬಿಗಿದ್ರೆ, ಇಳಿಸಿದ ಮೇಲೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರತ್ತೆ, ಬೇಗ ಹರಿಯುತ್ತೆ, ಎತ್ತರವೂ ತಪ್ಪಾಗಿ ಕಾಣತ್ತೆ. ಜೊತೆಗೆ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸ್ ಎಳೆದುಕೊಳ್ತಿದೆಯಾ, ಆಕ್ಸಲ್‌ನ ರಬ್ಬರ್ ಬೂಟ್ ಉಜ್ಜುತ್ತಿದೆಯಾ ಅಂತ ಬಗ್ಗಿ ನೋಡಿ. ಹೊಸ ಸ್ಪ್ರಿಂಗ್ ಹಾಕಿದ್ರೆ ಅದು ಸ್ವಲ್ಪ ಕೂರುತ್ತೆ, ಹಾಗಾಗಿ ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಅಲೈನ್‌ಮೆಂಟ್ ನೋಡಿಸಬೇಕು. (ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಕಥೆ ಬೇರೆ ಇದೆ, ಕಿಟ್ ಕೊಳ್ಳೋಕೆ ಮುಂಚೆ ಓದ್ಕೊಳ್ಳಿ.)

ಹಿಲಕ್ಸ್‌ನಲ್ಲಿ ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ಹೊಂದಿಸೋದು ಕೆಳಗಿನ ತೋಳಿನ ಕ್ಯಾಮ್ ಬೋಲ್ಟ್‌ಗಳಿಂದ. ಲಿಫ್ಟ್ ಜಾಸ್ತಿಯಾದ್ರೆ ಅವು ಕೊನೆ ಮುಟ್ಟಿದ್ರೂ ಕ್ಯಾಸ್ಟರ್ ಬರಲ್ಲ. ಆಗ ಹೆಚ್ಚು ಕ್ಯಾಸ್ಟರ್ ಕೊಡೋ ಬೇರೆ ಮೇಲಿನ ತೋಳುಗಳನ್ನು ಹಾಕಿಸಬೇಕು, ಅದಕ್ಕೆ ದುಡ್ಡಿಲ್ಲಾಂದ್ರೆ ಲಿಫ್ಟನ್ನೇ ಸ್ವಲ್ಪ ಇಳಿಸಬೇಕು.