ಮಹಾಧಮನಿಯ ಉರಿಯೂತ: ಒಂದು ಔಷಧವ್ಯಾಪತ್ತಿನ ವಿಚಾರ

ಔಷಧಪ್ರಯೋಗದಿಂದಲೇ ಹುಟ್ಟುವ ಉಪದ್ರವಕ್ಕೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ‘ವ್ಯಾಪತ್’ ಎಂದು ಹೆಸರು. ವಮನ ವಿರೇಚನಾದಿ ಕರ್ಮಗಳಿಂದುಂಟಾಗುವ ವ್ಯಾಪತ್ತುಗಳನ್ನೂ ಅವುಗಳ ಪರಿಹಾರವನ್ನೂ ಚರಕಸಂಹಿತೆಯ ಸಿದ್ಧಿಸ್ಥಾನವು ವಿಸ್ತಾರವಾಗಿ ಹೇಳುತ್ತದೆ. ಈಗ ರೂಢಿಯಲ್ಲಿರುವ ‘ಅಡ್ಡಪರಿಣಾಮ’ವೆಂಬ ಮಾತು ಇದೇ ಅರ್ಥವನ್ನು ಕೊಡುವುದಾದರೂ, ವಿಷಯವು ಗೌಣವೆಂಬ ಭಾವನೆಯನ್ನೂ ಜೊತೆಗೇ ತರುತ್ತದೆ. ಅದು ಯಾವಾಗಲೂ ಗೌಣವಲ್ಲವೆಂಬುದಕ್ಕೆ ಅರ್ಬುದ, ಎಂದರೆ ಕ್ಯಾನ್ಸರ್ ರೋಗದ ಚಿಕಿತ್ಸೆಯಲ್ಲಿ ಕಂಡುಬಂದಿರುವ ಒಂದು ವ್ಯಾಪತ್ತನ್ನು ಇಲ್ಲಿ ವಿವರಿಸುವೆವು.

ಅರ್ಬುದನಾಶಕವಾದ ತೀಕ್ಷ್ಣೌಷಧಗಳು ಅಸ್ಥಿಮಜ್ಜೆಯನ್ನೂ ಕುಂದಿಸುತ್ತವೆ. ಅಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಎಂಬವು ಕ್ಷೀಣಿಸಿದರೆ ಅಲ್ಪವಾದ ಸೋಂಕೂ ಪ್ರಾಣಾಪಾಯಕ್ಕೆ ಕಾರಣವಾದೀತು. ಆ ಕಣಗಳನ್ನು ವರ್ಧಿಸುವ ಜಿ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ದೇಹವೇ ತಯಾರಿಸುತ್ತದೆ. ಮನುಷ್ಯರಲ್ಲಿ ಇದಕ್ಕೆ ಮೂಲವಾದ ಜೀನನ್ನು ಜಪಾನಿನ ಮತ್ತು ಅಮೆರಿಕದ ವಿಜ್ಞಾನಿಗಳು 1986ರಲ್ಲಿ ಬೇರ್ಪಡಿಸಿದರು. ತರುವಾಯ ಬ್ಯಾಕ್ಟೀರಿಯಗಳ ಮೂಲಕ ತಯಾರಿಸಿದ ಫಿಲ್ಗ್ರಾಸ್ಟಿಮ್ ಎಂಬ ಮದ್ದಿಗೆ ಅಮೆರಿಕದಲ್ಲಿ 1991ರಲ್ಲಿಯೂ, ದೇಹದಲ್ಲಿ ಹೆಚ್ಚು ಕಾಲ ನಿಲ್ಲುವ ಪೆಗ್‌ಫಿಲ್ಗ್ರಾಸ್ಟಿಮಿಗೆ 2002ರಲ್ಲಿಯೂ ಅನುಮತಿ ದೊರೆಯಿತು. ಇವು ಅರ್ಬುದವನ್ನು ಕೊಲ್ಲುವುವಲ್ಲ. ಆ ಚಿಕಿತ್ಸೆಯನ್ನು ರೋಗಿಯು ತಾಳಿಕೊಳ್ಳುವಂತೆ ಮಾಡುವ ಅನುಬಲದ ಮದ್ದುಗಳು.

ಈ ರಕ್ಷಕೌಷಧವೇ ವಿರಳವಾಗಿ ಕೆಲವರಲ್ಲಿ ಹೃದಯದಿಂದ ಹೊರಡುವ ಮಹಾಧಮನಿಯ ಭಿತ್ತಿಯನ್ನೂ, ಅದರ ದೊಡ್ಡ ಶಾಖೆಗಳನ್ನೂ ಉರಿಯೂತಕ್ಕೆ ಗುರಿಮಾಡುತ್ತದೆ. 2018ರಲ್ಲಿ ಯೂರೋಪಿನ ಮತ್ತು ಜಪಾನಿನ ಔಷಧನಿಯಂತ್ರಣ ಸಂಸ್ಥೆಗಳು ಈ ಎಚ್ಚರಿಕೆಯನ್ನು ಔಷಧದ ವಿವರಣಪತ್ರದಲ್ಲಿ ಸೇರಿಸುವಂತೆ ಮಾಡಿದವು. ಚಿಕಿತ್ಸೆ ಆರಂಭವಾದ ಮೊದಲ ವಾರದಲ್ಲಿಯೇ ಇದು ತೋರಬಹುದು.

ಇಲ್ಲಿ ‘ಉರಿಯೂತ’ವೆಂಬ ಪದವನ್ನು ವಿಮರ್ಶಿಸುವುದು ಉಚಿತ. ಕೆಂಪು, ಊತ, ತಾಪ, ನೋವು ಎಂಬ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸನು ಹೇಳಿದ್ದಾನೆ. ಸಂಸ್ಕೃತದ ‘ಶೋಥ’ವು ಧಾತ್ವರ್ಥದಿಂದ ಊತವನ್ನು ಮಾತ್ರ ಹೇಳುತ್ತದೆ, ಕನ್ನಡದ ಸಮಾಸವಾದರೋ ಉರಿಯನ್ನೂ ಊತವನ್ನೂ ಒಟ್ಟಿಗೆ ಹೇಳುವುದರಿಂದ ಹೆಚ್ಚು ಸಾರ್ಥಕವಾಗಿದೆ. ಆದರೆ ದೇಹದ ಒಳಗಿರುವ ಧಮನಿಯ ಕೆಂಪಾಗಲಿ ಊತವಾಗಲಿ ಕಣ್ಣಿಗೆ ಕಾಣುವುದಿಲ್ಲ. ಜ್ವರ, ಬೆನ್ನಿನ ಅಥವಾ ಹೊಟ್ಟೆಯ ನೋವು, ಆಯಾಸ, ರಕ್ತಪರೀಕ್ಷೆಯಲ್ಲಿ ಸಿ-ಆರ್‌ಪಿ ಎಂಬ ಪ್ರೋಟೀನಿನ ಏರಿಕೆ, ಇಷ್ಟೇ ಹೊರಗಿನ ಗುರುತು. ಇವೆಲ್ಲವೂ ಸೋಂಕಿನಲ್ಲಿಯೂ ಇರತಕ್ಕವು. ಯಾವ ಸೋಂಕನ್ನು ತಡೆಯಲು ಮದ್ದನ್ನು ಕೊಟ್ಟಿತೋ ಆ ಸೋಂಕಿನ ವೇಷದಲ್ಲಿಯೇ ವ್ಯಾಪತ್ತು ಬರುತ್ತದೆ! ಸೋಂಕೆಂದೇ ಭ್ರಮಿಸಿದರೆ ಜೀವಾಣುನಾಶಕಗಳು ನಿಷ್ಫಲವಾಗುವುವು. ಅದೇ ಮದ್ದು ಪುನಃ ಪ್ರಯುಕ್ತವಾಗುವ ಸಂಭವವೂ ಉಂಟು. ಸಿ.ಟಿ. ಚಿತ್ರದಲ್ಲಿ ಧಮನಿಯ ಭಿತ್ತಿಯು ದಪ್ಪನಾಗಿ ಕಂಡರೆ ನಿಜಸ್ಥಿತಿ ತಿಳಿಯುತ್ತದೆ. ಮದ್ದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಉರಿಯೂತವು ಶಮನವಾಗುತ್ತದೆ. ಅನೇಕರಿಗೆ ಸ್ಟೀರಾಯ್ಡುಗಳನ್ನೂ ಕೊಟ್ಟಿರುವರು. ಭಿತ್ತಿಯು ಸೀಳಿದ ಪ್ರಸಂಗಗಳೂ ಅಪೂರ್ವವಾಗಿ ವರದಿಯಾಗಿರುವುದರಿಂದ ಉಪೇಕ್ಷೆಯು ಸಲ್ಲದು.

ಇದರಿಂದ ಈ ಔಷಧವು ತ್ಯಾಜ್ಯವೆಂದು ಯಾರೂ ಭಾವಿಸಬಾರದು; ಅದರಿಂದ ಆಗುವ ರಕ್ಷಣೆ ದೊಡ್ಡದು, ವ್ಯಾಪತ್ತು ವಿರಳ. ಮದ್ದನ್ನು ತೆಗೆದುಕೊಂಡ ಮೇಲೆ ಬಂದ ಜ್ವರವನ್ನೂ ನೋವನ್ನೂ ರೋಗಿಯು ಒಡನೆಯೇ ವೈದ್ಯರಿಗೆ ತಿಳಿಸಬೇಕು. ವೈದ್ಯರು ಸೋಂಕನ್ನು ಶೋಧಿಸುವಾಗಲೇ ಔಷಧವನ್ನೂ ಶಂಕಿಸಬೇಕು. ‘ಅಡ್ಡ’ವೆಂಬ ಮಾತು ಈ ಶಂಕೆಯನ್ನು ಮಂದಗೊಳಿಸುವುದಾದರೆ, ‘ಔಷಧವ್ಯಾಪತ್ತು’ ಎಂಬ ಪದವನ್ನು ಕನ್ನಡ ವೈದ್ಯಪರಿಭಾಷೆಯಲ್ಲಿ ಮರಳಿ ಬಳಕೆಗೆ ತರುವುದು ಯುಕ್ತವೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುತ್ತೇವೆ.