ಕಾಗೆ ‘ತಾಗೆ’ ಆಗುವುದೇಕೆ?

ಮೂರು ವರ್ಷದ ಮಗು ಕಾಗೆಯನ್ನು ‘ತಾಗೆ’ ಎಂದರೆ ಮನೆಯವರಿಗೆ ಮುದ್ದು. ಅದೇ ಮಗು ನೆಂಟರೆದುರು ‘ಮರ’ವನ್ನು ‘ಮಲ’ ಎಂದರೆ ಮುಜುಗರ. ಅಜ್ಜಿ ಬಜೆ ತೇಯಲು ಕೂರುತ್ತಾರೆ, ಪಕ್ಕದ ಮನೆಯವರು ನಾಲಿಗೆ ದಪ್ಪ ಎಂದು ತೀರ್ಪು ಕೊಡುತ್ತಾರೆ. ಬಜೆಯಿಂದ ರಕಾರ ಬರುವುದಿಲ್ಲ. ನಾಲಿಗೆಯ ದಪ್ಪಕ್ಕೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ.

ರಕಾರ ನಿಜಕ್ಕೂ ಕಷ್ಟದ್ದು. ‘ಮರ’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ಉಬ್ಬನ್ನು ಕ್ಷಣಮಾತ್ರ ಮುಟ್ಟಿ ಹಿಂದೆ ಸರಿಯಬೇಕು. ‘ಕರ್ರಗೆ’ ಎಂದು ಒತ್ತಿ ಹೇಳಿದರೆ ಆ ತುದಿ ಸೆಕೆಂಡಿಗೆ ಸುಮಾರು 25ರಿಂದ 30 ಸಲ ಅದುರುವ ವೇಗದಲ್ಲಿ ಕಂಪಿಸುತ್ತದೆ. ಸ್ನಾಯು ಪ್ರತಿ ಸಲವೂ ಅದನ್ನು ಎತ್ತಿ ಇಳಿಸುವುದಿಲ್ಲ. ಗಾಳಿಗೆ ಬಾವುಟದ ಅಂಚು ಪಟಪಟಿಸುವಂತೆ ಉಸಿರೇ ಅದನ್ನು ಅದುರಿಸುತ್ತದೆ. ತುದಿಯನ್ನು ಹದವಾದ ಬಿಗಿಯಲ್ಲಿ ಹಿಡಿದಿಡುವುದಷ್ಟೇ ನಮ್ಮ ಕೆಲಸ. ಆ ಹದ ಸಿಕ್ಕದ ಮಗು ತುದಿಯನ್ನು ಅಲ್ಲೇ ಒತ್ತಿ ನಿಲ್ಲಿಸುತ್ತದೆ, ಉಸಿರು ಪಕ್ಕದಿಂದ ಜಾರುತ್ತದೆ, ಲಕಾರ ಹುಟ್ಟುತ್ತದೆ. ಕಕಾರಕ್ಕೆ ನಾಲಿಗೆಯ ಹಿಂಭಾಗ ಮೇಲೇಳಬೇಕು. ಎದುರಿಗಿದ್ದವರ ಬಾಯಲ್ಲಿ ಆ ಚಲನೆ ಕಾಣುವುದೂ ಇಲ್ಲ. ಮಗು ಮುಂಭಾಗವನ್ನೇ ಎತ್ತಿದರೆ ತಕಾರ.

ಹಾಗಾದರೆ ಮಗುವಿಗೆ ಎರಡರ ವ್ಯತ್ಯಾಸ ಕೇಳಿಸುವುದಿಲ್ಲವೇ? 1960ರಲ್ಲಿ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಮಗುವಿನ ಪ್ರಸಂಗ ವರದಿ ಮಾಡಿದರು. ಆ ಮಗು ತನ್ನ ಪ್ಲಾಸ್ಟಿಕ್ ಮೀನನ್ನು ‘ಫಿಸ್’ ಎನ್ನುತ್ತಿತ್ತು. ದೊಡ್ಡವರೂ ‘ಫಿಸ್’ ಎಂದರೆ ಒಪ್ಪುತ್ತಿರಲಿಲ್ಲ. ‘ಫಿಶ್’ ಎಂದಾಗಲೇ ಹೌದೆಂದಿತು. ಕಿವಿ ಮುಂದಿತ್ತು, ಬಾಯಿ ಹಿಂದಿತ್ತು. ಮಗುವಿನೊಂದಿಗೆ ನಾವೂ ತೊದಲಿ ಮಾತಾಡಿದರೆ ಅದಕ್ಕೇನೂ ಲಾಭವಿಲ್ಲ ಎಂದು ನನಗನ್ನಿಸುವುದು ಇದರಿಂದಲೇ.

ಆದರೂ ಕಿವಿಯನ್ನು ಪರೀಕ್ಷಿಸದೆ ಬಿಡಬಾರದು. ಮೇಲಿಂದ ಮೇಲೆ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ದ್ರವ ನಿಂತರೆ ಮೆಲುದನಿಗಳು ಮಸುಕಾಗುತ್ತವೆ. ಕಿವಿ ಸರಿಯಿದ್ದರೂ ಎಲ್ಲ ಧ್ವನಿಗಳೂ ಒಟ್ಟಿಗೆ ಬರುವುದಿಲ್ಲ: ಪ, ಬ, ಮ ಬೇಗ ಬರುತ್ತವೆ, ರ, ಶ ತಡವಾಗಿ. ನಾಲ್ಕು ತುಂಬಿದ ಮೇಲೂ ಹೊರಗಿನವರಿಗೆ ಮಗುವಿನ ಮಾತು ಹೆಚ್ಚಾಗಿ ಅರ್ಥವಾಗದಿದ್ದರೆ ವಾಕ್ ಚಿಕಿತ್ಸಕರಿಗೆ ತೋರಿಸಬೇಕು. ಇದಕ್ಕೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಚಿಕಿತ್ಸೆಯ ಒಂದು ಬಗೆ ಆಟದಂತೆಯೇ ಇರುತ್ತದೆ. ಮೇಜಿನ ಮೇಲೆ ಎರಡು ಚಿತ್ರ: ಕಟ್ಟೆ, ತಟ್ಟೆ. ಕಟ್ಟೆ ಬೇಕಾದ ಮಗು ‘ತಟ್ಟೆ’ ಎಂದರೆ ಚಿಕಿತ್ಸಕಿ ತಿದ್ದುವುದಿಲ್ಲ, ಕೇಳಿದ ತಟ್ಟೆಯನ್ನೇ ಕೊಡುತ್ತಾರೆ. ಮಗು ‘ಅದಲ್ಲ!’ ಎಂದು ರೇಗಿ ನಾಲಿಗೆಯನ್ನು ಇನ್ನೊಂದು ಕಡೆ ಇಟ್ಟು ನೋಡುತ್ತದೆ.