ಐಟಿಐ ಮುಗೀತು, ಕೆಲಸ ಎಲ್ಲಿ?

ಮೈಕ್ರೋಮೀಟರ್ ಅಂತ ಒಂದು ಉಪಕರಣ ಇದೆ. ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನೂ ಅಳೆಯುತ್ತೆ. ನಿಮ್ಮ ತಲೆಗೂದಲು ಅದಕ್ಕಿಂತ ದಪ್ಪ! ತಿರುಪು ‘ಟಿಕ್ ಟಿಕ್’ ಅಂದ ಕೂಡಲೇ ಕೈ ನಿಲ್ಲಬೇಕು. ಇದು ಬಾಯಿಪಾಠದಿಂದ ಬರಲ್ಲ, ಬೆರಳಿಗೇ ರೂಢಿಯಾಗಬೇಕು.

ಎಷ್ಟೋ ಹುಡುಗರು ಎಡವೋದು ಇಲ್ಲೇ. ಕೈಯಲ್ಲಿ ಸರ್ಟಿಫಿಕೇಟ್ ಇದೆ. ಕಾರ್ಖಾನೆ ಗೇಟಲ್ಲಿ ಕೇಳೋದು ಒಂದೇ: ‘ಅನುಭವ ಇದೆಯಾ?’ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು?

ಈ ಕಂದಕಕ್ಕೆ ಸೇತುವೆ, ಕಾರ್ಖಾನೆಯಲ್ಲೇ ಸ್ಟೈಪೆಂಡ್ ಪಡೆದು ಕೆಲಸ ಕಲಿಯೋ ಅಪ್ರೆಂಟಿಸ್‌ಶಿಪ್. 1961ರಿಂದಲೇ ಇದಕ್ಕೊಂದು ಕಾಯ್ದೆ ಇದೆ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ, ಅವರ ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. 2016ರ ಯೋಜನೆಯಡಿ ಸ್ಟೈಪೆಂಡ್‌ನ ಕಾಲು ಭಾಗವನ್ನು, ಒಂದು ಮಿತಿಯೊಳಗೆ, ಕೇಂದ್ರ ಸರ್ಕಾರವೇ ಭರಿಸುತ್ತೆ.

ಮಾದರಿ ಬೇಕಾ? ನಮ್ಮ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದ್ರೆ ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಲ್ಲಿ ಶುರುವಾಯ್ತು. ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕ್ಯಾಂಪಸ್, ನಾಲ್ಕನೇ ವರ್ಷ ನೇರ ಕಾರ್ಖಾನೆ. ಕಲಿಕೆ ಮುಗಿಯೋ ಹೊತ್ತಿಗೆ ಕೈಗೂ ಅನುಭವ, ಬಯೋಡೇಟಾಗೂ ಅನುಭವ.

ಆದರೆ ಅಪ್ರೆಂಟಿಸ್ ಅಂದ್ರೆ ಅಗ್ಗದ ಕೂಲಿ ಅಲ್ಲ. ಸೇರೋ ಮುಂಚೆ ಮೂರು ಪ್ರಶ್ನೆ ಕೇಳಿ.

ಒಂದು: ಒಪ್ಪಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತಾ?
ಎರಡು: ಸ್ಟೈಪೆಂಡ್ ಬ್ಯಾಂಕ್ ಖಾತೆಗೇ ಬರುತ್ತಾ?
ಮೂರು: ನನ್ನ ಕೈಗೆ ಕೊಡೋದು ಮಷೀನೋ, ಪೊರಕೆಯೋ?

ಮೂರನೇ ಉತ್ತರದಲ್ಲೇ ನಿಮ್ಮ ಮುಂದಿನ ಸಂಬಳ ಅಡಗಿದೆ.